ಹಳೇ ಡೀಸಲ್ ಎಂಜಿನ್ ಊರೂರು ತಿರುಗ್ತದಂತ, ನಮ್ದ್ಯಾಕ ಇಲ್ಲ?

ಪ್ರಶ್ನೆ: ಬ್ರಿಟನ್ನಾಗ ಡೆಲ್ಟಿಕ್ ಅನ್ನೋ ಹಳೇ ಡೀಸಲ್ ರೈಲ್ ಎಂಜಿನ್ ಒಂದು ಹೆರಿಟೇಜ್ ಲೈನಿಂದ (ಹಳೇ ರೈಲು ಓಡ್ಸೋ ಹಳಿ) ಇನ್ನೊಂದಕ್ಕ ಬೀಗರ ಮನಿಗಿ ಹೋದಂಗ ಹೋಗಿ ನಾಕ್ ದಿನ ಓಡಿ ಬರ್ತದ ನೋಡ್ರಿ. ವಾಡಿ ಜಂಕ್ಷನ್ದಾಗ ಕರಿ ಹೊಗಿ ಬಿಡ್ತಿದ್ದ ನಮ್ಮ ಡಬ್ಲ್ಯೂಡಿಎಂ-2 ಡೀಸಲ್ ಎಂಜಿನ್ ಯಾಕ ಹಂಗ ತಿರುಗಂಗಿಲ್ಲ?

ಉತ್ತರ: ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, ಕೂಡ್ಬೇಕಲ್ರಿ ಅಣ್ಣಾ. ಅಲ್ಲಿ ಭಾಳ ಲೈನ್ 1435 ಮಿಮೀ, ಹಿಂಗಾಗಿ ದೊಡ್ಡ ಟ್ರೇಲರ್ ಮ್ಯಾಲ ಹೇರಿ ತಂದು ಹಳಿ ಮ್ಯಾಲ ಇಳಿಸಿದ್ರ ಆಯ್ತು. ನಮ್ಮ ಎಂಜಿನ್ದು 1676, ನಮ್ಮ ಹೆರಿಟೇಜ್ ಲೈನ್ ನೋಡಿದ್ರ ಊಟಿ 1000, ಶಿಮ್ಲಾ 762, ಡಾರ್ಜಿಲಿಂಗ್ 610, ಎಲ್ಲಿ ನಿಲ್ಲಿಸ್ತೀರಿ? ಮ್ಯಾಲ ನಮ್ಮ ಎಂಜಿನ್ ತೂಕನೇ 112 ಟನ್ ಮ್ಯಾಲದ.

ಇನ್ನೊಬ್ರು: ಡೆಲ್ಟಿಕ್‌ಗೆ ಒಳಗ ನೇಪಿಯರ್ ಕಂಪನಿದು ಎರಡು ಡೀಸಲ್ ಎಂಜಿನ್, 3300 ಎಚ್‌ಪಿ, ಖರೇ. ಆದ್ರ ನಮ್ಮ ಆಲ್ಕೋ (ಅದೇ ಡಬ್ಲ್ಯೂಡಿಎಂ-2, ಅಮೆರಿಕದ ಆಲ್ಕೋ ಕಂಪನಿ ಡಿಸೈನ್) ಹೊಂಟ್ರ ಪ್ಲಾಟ್‌ಫಾರ್ಮಿನ ಚಾ ಗ್ಲಾಸ್ ಗಡಗಡ ಅಲ್ಲಾಡ್ತಿತ್ತು!

ಕೇಳಿದವ್ರು: ಗೇಜ್ ವಿಷಯ ತಲೀಗೇ ಬಂದಿರ್ಲಿಲ್ರಿ.