‘ಲಕ್ಷಣವಾಗವ್ಳೆ’, ‘ಲಕ್ಷಣವಾಗಿರು’: ಎರಡರಲ್ಲೂ ಇರುವುದು ಒಂದೇ ಲಕ್ಷಣವೇ?

ಹಾಸನ, ಅರಸೀಕೆರೆ ಕಡೆ ಹೆಣ್ಣು ನೋಡಿ ಬಂದವರು ಆಡುವ ಮಾತು ‘ಹುಡ್ಗಿ ಲಕ್ಷಣವಾಗವ್ಳೆ’. ಇಲ್ಲಿ ಲಕ್ಷಣ ಅಂದರೆ ಕಣ್ಣು ಮೂಗು ತಿದ್ದಿದಂತಿರುವುದು, ಬಣ್ಣ ಅಲ್ಲ. ‘ಬೆಳ್ಳಗೇನೋ ಅವ್ಳೆ, ಲಕ್ಷಣ ಇಲ್ಲ’ ಅನ್ನುವುದೂ ಉಂಟು. ಆದರೆ ‘ಕಪ್ಪಾದ್ರೂ ಲಕ್ಷಣವಾಗವ್ಳೆ’ ಎಂಬುದರ ‘ಊ’ ಗಮನಿಸಿ. ಕಪ್ಪನ್ನು ಕುಂದೆಂದು ಮೊದಲೇ ಒಪ್ಪಿಸಿ, ಆಮೇಲೆ ಮನ್ನಿಸುವ ಕೆಲಸ ಆ ಒಂದು ಪ್ರತ್ಯಯದ್ದು. ‘ಕಪ್ಪಗೆ ಲಕ್ಷಣವಾಗವ್ಳೆ’ ಅಂದರೆ ಮನ್ನಿಸಲು ಏನೂ ಉಳಿಯುವುದಿಲ್ಲ.

ಸಂಸ್ಕೃತದಲ್ಲಿ ಲಕ್ಷಣ ಎಂದರೆ ಗುರುತು. ‘ಜ್ವರದ ಲಕ್ಷಣ’ದಲ್ಲಿ ಅದೇ ಅರ್ಥ ಉಳಿದಿದೆ. ಶಿಲ್ಪಶಾಸ್ತ್ರದ ಪ್ರತಿಮಾಲಕ್ಷಣದಲ್ಲಿ ಅದು ಅಳತೆ: ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ, ನವತಾಳದ ಮೂರ್ತಿಗೆ 108 ಅಂಗುಲ. ದೇವನಿಗೂ ಅಳತೆಯಿತ್ತು, ದೇವಿಗೂ ಇತ್ತು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ದರ್ಪಣಸುಂದರಿಯನ್ನು ಕಡೆದಿರುವುದು ಕಪ್ಪು ಛಾಯೆಯ ಬಳಪದ ಕಲ್ಲಿನಲ್ಲಿ. ಅವಳ ಮುಂದೆ ನಿಂತು ಯಾರೂ ‘ಕಪ್ಪಾದ್ರೂ’ ಅನ್ನುವುದಿಲ್ಲ.

ನನ್ನ ತಕರಾರು ಹೆಚ್ಚಾಗಿ ‘ಲಕ್ಷಣವಾಗಿ’ ಎಂಬ ಕ್ರಿಯಾವಿಶೇಷಣದ ಮೇಲೆ. ‘ಲಕ್ಷಣವಾಗಿ ಊಟ ಮಾಡು’ ಎಂದು ಮಗನಿಗೂ ಹೇಳುತ್ತಾರೆ. ‘ಸರಿಯಾಗಿ’ ಎಂದು ಬದಲಿಸಿದರೂ ಅರ್ಥ ಕೆಡದು. ‘ಲಕ್ಷಣವಾಗಿ ಬಳೆ ಹಾಕ್ಕೊ, ಬೋಳು ಕೈಲಿ ಬರಬೇಡ’ ಎಂಬಲ್ಲಿ ಬದಲಿಸಿ ನೋಡಿ. ‘ಸರಿಯಾಗಿ ಬಳೆ ಹಾಕ್ಕೊ’ ಅಂದರೆ ಹಾಕುವ ರೀತಿಯ ಮಾತಾಯಿತು, ಹಾಕಲೇಬೇಕೆಂಬ ಕಟ್ಟುಪಾಡು ಹೋಯಿತು. ಅಲ್ಲಿ ಲಕ್ಷಣ ಮುತ್ತೈದೆಯ ಗುರುತು. ಜೊತೆಗೆ ಬರುವ ‘ಬೋಳು’ ಇದನ್ನು ಗಟ್ಟಿಮಾಡುತ್ತದೆ: ಬೋಳು ಹಣೆ, ಬೋಳು ಕತ್ತು, ಎಲ್ಲವೂ ವಿಧವೆಯನ್ನು ತೋರಿಸಿ ಹೆದರಿಸುವ ಮಾತುಗಳೇ. ಗಂಡಸಿಗೋ, ‘ಉದ್ಯೋಗಂ ಪುರುಷಲಕ್ಷಣಂ’. ಅವನ ಗುರುತು ದುಡಿಮೆ. ಹೊತ್ತು ಮೂಡುವ ಮುಂಚೆ ಎದ್ದು ಕಾಫಿ ತೋಟಕ್ಕೆ ಹಣ್ಣು ಬಿಡಿಸಲು ಹೋಗುವ ಹೆಂಗಸಿನ ಗುರುತು ಮಾತ್ರ ಹಣೆ, ಕೈ, ಕತ್ತಿನ ಮೇಲೆ.

ಆದ್ದರಿಂದ ನಿಘಂಟಿನಲ್ಲಿ ‘ಲಕ್ಷಣವಾಗಿ’ಗೆ ಪ್ರತ್ಯೇಕ ನಮೂದು ಇರಬೇಕು, ‘ಸರಿಯಾಗಿ’ ಎಂಬ ಅರ್ಥದ ಕೆಳಗೆ ‘ಹೆಣ್ಣಿಗೆ ವಿಧಿಸಿದ ಅಲಂಕಾರದೊಡನೆ’ ಎಂದೂ ಬಿಡಿಸಿ ಬರೆಯಬೇಕು. ಮೂಡಿಗೆರೆ, ಕೊಪ್ಪದ ಕಡೆಯವರು ಹೇಳಿ: ನಿಮ್ಮಲ್ಲಿ ‘ಅವಲಕ್ಷಣ’ವನ್ನು ಗಂಡಸಿನ ರೂಪಕ್ಕೂ ಅನ್ನುತ್ತಾರೆಯೇ, ಇಲ್ಲ ಅವನ ನಡತೆಗೆ ಮಾತ್ರವೇ? ಆಡುವ ವಾಕ್ಯವನ್ನು ಪೂರ್ತಿ ಬರೆಯಿರಿ; ಪದವೊಂದನ್ನೇ ಕೊಟ್ಟರೆ ವ್ಯತ್ಯಾಸ ಕಾಣುವುದಿಲ್ಲ.