ಆಪರೇಷನ್, ರೇಡಿಯೇಷನ್ ಎರಡೂ ಆದಮ್ಯಾಲ ಪಿಎಸ್‌ಎ ಏರಲಿಕತ್ತದ: ಹಾರ್ಮೋನ್ ಇಂಜೆಕ್ಷನ್ ಈಗಲೇ ಬೇಕೇನ್ರಿ?

ತೊಗರಿಕಣಜ:

ಎಲ್ಲರಿಗೂ ಶರಣು. ನಮ್ಮ ಕಾಕಾ, ವಯಸ್ಸು 69, ಹುಮನಾಬಾದ್ ತಾಲ್ಲೂಕು. ಪ್ರಾಸ್ಟೇಟ್ ಕ್ಯಾನ್ಸರ್ ಅಂತ 2018ರಾಗ ಆ ಗ್ರಂಥಿ ಪೂರ್ತಿ ತಗದಾರ, ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರದ ಅನ್ನೋ ಅಂಕ) 4+3. ಮತ್ತ ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳು ರಕ್ತಕ್ಕ ಬಿಡೋ ಪ್ರೋಟೀನ್) ಏರಿತು ಅಂತ 2020ರಾಗ ರೇಡಿಯೇಷನ್ ಆಗ್ಯದ. ಆಮ್ಯಾಲ 0.1ರ ಒಳಗೇ ಇತ್ತು. ಈಗ ಹಿಂಗ ಅದ:

2024 ಮಾರ್ಚ್ 0.20
2024 ಸೆಪ್ಟೆಂಬರ್ 0.30
2025 ಮಾರ್ಚ್ 0.44
2025 ಸೆಪ್ಟೆಂಬರ್ 0.90

ಮೊದಲಿನ ಮೂರು ಬೀದರಿನ ಒಂದೇ ಲ್ಯಾಬಿನವು, ಕೊನೀದು ಕಲಬುರಗಿದಾಗ ಮಾಡ್ಸಿದ್ದು. ಶುಗರ್ ಅದ, ಹಾರ್ಟಿಂದು ಏನೂ ಇಲ್ಲ. ಮೈಯಾಗ ತ್ರಾಸ ಇಲ್ಲ, ಹೊಲಕ್ಕ ಹೋಗಿ ಬರ್ತಾರ. ಒಬ್ಬ ಡಾಕ್ಟರು "ಡಬಲ್ ಆಗ್ಯದ, ಇದೇ ವಾರ ಮೂರು ತಿಂಗಳಿಗೊಮ್ಮೆ ಹಾಕೋ ಹಾರ್ಮೋನ್ ಇಂಜೆಕ್ಷನ್ ಹಾಕ್ಸ್ರಿ" ಅಂದ್ರು. ಅದು ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನನ್ನ ಇಳಸೋ ಇಂಜೆಕ್ಷನ್. ಇನ್ನೊಬ್ರು "ಅವಸರ ಬ್ಯಾಡ" ಅಂತಾರ. ಯಾವ ಲೆಕ್ಕದ ಮ್ಯಾಲ ಇದನ್ನ ತೀರ್ಮಾನ ಮಾಡ್ತಾರ?

ಭೀಮಾತೀರ:

ಇಲ್ಲಿ ನೋಡಬೇಕಾದ್ದು ಪಿಎಸ್‌ಎ ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ತಿಂಗಳಿಗೆ ದುಪ್ಪಟ್ಟಾಗ್ತಿದೆ ಅನ್ನೋದನ್ನ. ಲೆಕ್ಕ ಮೊಬೈಲಿನಲ್ಲೇ ಆಗುತ್ತೆ: ಹೊಸ ಅಂಕಿಯನ್ನ ಹಳೆಯದರಿಂದ ಭಾಗಿಸಿ, ಬಂದದ್ದಕ್ಕೆ ಎಲ್‌ಎನ್ (ln) ಬಟನ್ ಒತ್ತಿ. ನಡುವಿನ ತಿಂಗಳುಗಳನ್ನ 0.693ರಿಂದ ಗುಣಿಸಿ, ಆ ಉತ್ತರದಿಂದ ಭಾಗಿಸಿ.

ನಿಮ್ಮ ಮೊದಲ ಮೂರು ರಿಪೋರ್ಟು ಹಿಡಿದರೆ 0.20ರಿಂದ 0.44, 12 ತಿಂಗಳು. ದುಪ್ಪಟ್ಟಾಗುವ ಅವಧಿ ಸುಮಾರು 10.5 ತಿಂಗಳು. ಕೊನೆಯದನ್ನೂ ಸೇರಿಸಿ 0.20ರಿಂದ 0.90, 18 ತಿಂಗಳು ಅಂತ ಹಿಡಿದರೆ 8.3ಕ್ಕೆ ಇಳಿಯುತ್ತೆ. ಕೊನೆಯ ಎರಡನ್ನಷ್ಟೇ ನೋಡಿದರೆ 6 ತಿಂಗಳೂ ಇಲ್ಲ. ಮೊದಲ ಡಾಕ್ಟರು ನೋಡಿದ್ದು ಬಹುಶಃ ಈ ಕೊನೆಯ ಲೆಕ್ಕ. ಒಂದೇ ಒಂದು ರಿಪೋರ್ಟು ಇಡೀ ತೀರ್ಮಾನವನ್ನ ತಿರುಗಿಸ್ತಿದೆ, ಅದೂ ಬೇರೆ ಲ್ಯಾಬಿನದು.

ಪಿಎಸ್‌ಎ ಯಂತ್ರಗಳ ಅಳತೆಯ ಮಾಪಕ ಒಂದೇ ಅಲ್ಲ. ಒಂದೇ ರಕ್ತಕ್ಕೆ ಎರಡು ಯಂತ್ರ 20ರಿಂದ 25 ಶೇಕಡಾ ವ್ಯತ್ಯಾಸ ತೋರಿಸಬಹುದು. ಹಳೆಯ ಗತಿಯಲ್ಲೇ ಏರಿದ್ದರೆ ಸೆಪ್ಟೆಂಬರಿನಲ್ಲಿ 0.65ರ ಆಸುಪಾಸು ಇರಬೇಕಿತ್ತು. 0.90 ಆಗಿರೋದಕ್ಕೆ ಯಂತ್ರ ಒಂದೇ ಕಾರಣ ಅನ್ನೋಕೂ ಆಗಲ್ಲ, ವೇಗ ಸ್ವಲ್ಪ ನಿಜವಾಗಿಯೂ ಹೆಚ್ಚಿರಬಹುದು. ಹಾಗಾಗಿ ಬೀದರಿನ ಅದೇ ಲ್ಯಾಬಿನಲ್ಲಿ ಈಗೊಮ್ಮೆ, ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಟೆಸ್ಟೋಸ್ಟೆರಾನನ್ನೂ ಜೊತೆಗೇ ಬರೆಸಿ, ಮುಂದೆ ಹೋಲಿಸೋಕೆ ಬೇಕಾಗುತ್ತೆ. ಶುಗರ್ ಇರುವವರು ಕಾಲು ಜೋಮಿಗೆ ಅಂತ ನುಂಗುವ ವಿಟಮಿನ್ ಗುಳಿಗೆಗಳಲ್ಲಿ ಬಯೋಟಿನ್ ಇರೋದುಂಟು. ಕೆಲವು ಯಂತ್ರಗಳಲ್ಲಿ ಅದು ಪಿಎಸ್‌ಎಯನ್ನ ಕಡಿಮೆ ತೋರಿಸುತ್ತೆ, ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿರಲಿ.

ಇನ್ನೊಂದು, ಇದು ಬಹಳ ಕಡೆ ತಪ್ಪುತ್ತೆ: ಪಿಎಸ್‌ಎಂಎ ಪೆಟ್ ಸ್ಕ್ಯಾನ್ (ಪ್ರಾಸ್ಟೇಟ್ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಅಂತ ತೋರಿಸುವ ಸ್ಕ್ಯಾನ್) ಹಾರ್ಮೋನ್ ಇಂಜೆಕ್ಷನ್ನಿಗೆ ಮೊದಲೇ ಆಗಬೇಕು. ಹಾರ್ಮೋನ್ ಚಿಕಿತ್ಸೆ ನಡೀತಾ ಹೋದರೆ ಗಡ್ಡೆ ಕುಗ್ಗಿ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ಪಿಎಸ್‌ಎ 0.5ರ ಒಳಗಿದ್ದಾಗ ಅರ್ಧಕ್ಕಿಂತ ಕಡಿಮೆ ಜನರಲ್ಲಿ ಏನಾದರೂ ಸಿಗುತ್ತೆ, 1 ದಾಟಿದ ಮೇಲೆ ಬಹುಪಾಲು ಜನರಲ್ಲಿ. ನಿಮ್ಮ ಕಾಕಾ ಈಗ ಸ್ಕ್ಯಾನಿಗೆ ಸರಿಯಾದ ಘಟ್ಟದಲ್ಲಿದ್ದಾರೆ. ಬೀದರಿನಿಂದ ಹೈದರಾಬಾದ್ ಹತ್ತಿರ, ಅಲ್ಲಿ ಆಗುತ್ತೆ. ಒಂದೆರಡು ಗಂಟು ಮಾತ್ರ ಕಂಡರೆ ಅಷ್ಟಕ್ಕೇ ನಿಖರ ರೇಡಿಯೇಷನ್ ಕೊಟ್ಟು ಹಾರ್ಮೋನನ್ನ ಮುಂದೂಡೋ ದಾರಿ ಇದೆ. ಎಲುಬಿನಲ್ಲಿ ಹಲವು ಕಡೆ ಕಂಡರೆ ಕಾಯುವ ಮಾತೇ ಇಲ್ಲ, ಆಗ ಇಂಜೆಕ್ಷನ್ ಜೊತೆ ಅಬಿರಾಟೆರೋನ್ ಥರದ ಇನ್ನೊಂದು ಔಷಧ ಸೇರಿಸ್ತಾರೆ.

ಬಿದರಿಕುಸುರಿ:

ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೇನೆ. ಬೇಗ ಶುರು ಮಾಡಬೇಕು ಅನ್ನುವ ಡಾಕ್ಟರು ಸುಮ್ಮನೆ ಹೇಳ್ತಿಲ್ಲ. 2023ರಲ್ಲಿ ಬಂದ ಎಂಬಾರ್ಕ್ ಅಧ್ಯಯನ ಅವರ ತಲೆಯಲ್ಲಿರುತ್ತೆ. ಇಂಜೆಕ್ಷನ್ ಮಾತ್ರ ತಗೊಂಡವರಲ್ಲಿ ಐದು ವರ್ಷದ ಹೊತ್ತಿಗೆ ರೋಗ ಹರಡದೇ ಇದ್ದವರು 71.4 ಶೇಕಡಾ. ಅದಕ್ಕೆ ಎಂಜಲುಟಮೈಡ್ (ಟೆಸ್ಟೋಸ್ಟೆರಾನಿನ ಕೆಲಸ ತಡೆಯುವ ಗುಳಿಗೆ) ಸೇರಿಸಿದವರಲ್ಲಿ 87.3. ಇಂಜೆಕ್ಷನ್ ಇಲ್ಲದೆ ಬರೀ ಎಂಜಲುಟಮೈಡ್ ನುಂಗಿದವರಲ್ಲಿ 80. ಆದರೆ ಆ ಅಧ್ಯಯನಕ್ಕೆ ಸೇರಬೇಕಾದರೆ ದುಪ್ಪಟ್ಟಾಗುವ ಅವಧಿ 9 ತಿಂಗಳು ಅಥವಾ ಕಡಿಮೆ ಇರಬೇಕಿತ್ತು, ಆಪರೇಷನ್ ಆದವರಿಗೆ ಪಿಎಸ್‌ಎ ಕನಿಷ್ಠ 1 ಇರಬೇಕಿತ್ತು. ನಿಮ್ಮ ಕಾಕಾರ ಹಳೆಯ ಮೂರು ಅಂಕಿಯ ಅವಧಿ ಆ ಗೆರೆಯ ಆಚೆ, ಹೊಸದನ್ನ ಸೇರಿಸಿದರೆ ಗೆರೆಯ ಒಳಗೆ, ಆದರೆ ಪಿಎಸ್‌ಎ ಇನ್ನೂ 1 ಮುಟ್ಟಿಲ್ಲ. ಅಲ್ಲಿನ ಲಾಭವನ್ನ ಎತ್ತಿ ಇಲ್ಲಿಗೆ ಹಚ್ಚೋಕೆ ಬರಲ್ಲ. ಯುರೋಪಿನ ಮೂತ್ರರೋಗ ತಜ್ಞರ ಸಂಘದ ವಿಂಗಡಣೆಯಲ್ಲಿ 12 ತಿಂಗಳು ಅಥವಾ ಅದರೊಳಗೆ ದುಪ್ಪಟ್ಟಾದರೆ ಅಪಾಯ ಹೆಚ್ಚು ಅಂತಲೇ ಇದೆ, ಹಾಗಾಗಿ ಕಣ್ಣು ಮುಚ್ಚಿ ಕೂರುವ ಸ್ಥಿತಿಯೂ ಅಲ್ಲ.

ಕಾಯುವ ಪಕ್ಷಕ್ಕೂ ಆಧಾರ ಇದೆ. 1999ರಲ್ಲಿ ಅಮೆರಿಕದಿಂದ ಬಂದ ಒಂದು ದೊಡ್ಡ ಲೆಕ್ಕದಲ್ಲಿ, ಆಪರೇಷನ್ ನಂತರ ಪಿಎಸ್‌ಎ ಏರಿದ ಗಂಡಸರಿಗೆ ಹಾರ್ಮೋನ್ ಚಿಕಿತ್ಸೆ ಕೊಡದೇ ಇದ್ದಾಗ ರೋಗ ಹರಡೋಕೆ ಹಿಡಿದ ಮಧ್ಯಾಂಕ ಅವಧಿ (ಅರ್ಧ ಜನರಿಗೆ ಅಷ್ಟರೊಳಗೆ, ಉಳಿದರ್ಧಕ್ಕೆ ಆಮೇಲೆ) 8 ವರ್ಷ. ನಿಧಾನ ದುಪ್ಪಟ್ಟಾದವರಿಗೆ ಇನ್ನೂ ಹೆಚ್ಚು, ಬೇಗ ಆದವರಿಗೆ ಕಡಿಮೆ. 2016ರ ಟೋಡ್ ಅಧ್ಯಯನದಲ್ಲಿ ತಕ್ಷಣ ಶುರು ಮಾಡಿದವರಲ್ಲಿ ಐದು ವರ್ಷ ಬದುಕಿದ್ದವರು 91.2 ಶೇಕಡಾ, ತಡಮಾಡಿದವರಲ್ಲಿ 86.4. ಅಂತರ ಇದೆ, ಆದರೆ ಅದು 293 ಜನರ ಚಿಕ್ಕ ಅಧ್ಯಯನ. ಬೇಗ ಶುರು ಮಾಡಿದವರಲ್ಲಿ ಹಾರ್ಮೋನಿನ ತೊಂದರೆಗಳೂ ಹೆಚ್ಚಿದ್ದವು.

ನನ್ನ ಅಭಿಪ್ರಾಯ: ಅಂಕಿ ಖಚಿತವಾಗಿ, ಪೆಟ್ ಆಗುವ ತನಕ ಇಂಜೆಕ್ಷನ್ ಬೇಡ. ಆರೆಂಟು ವಾರದಿಂದ ನಷ್ಟ ಏನೂ ಇಲ್ಲ. ಅವಧಿ 9 ತಿಂಗಳ ಒಳಗೆ ಅಂತ ಖಚಿತವಾಗಿ, ಪಿಎಸ್‌ಎ 1 ದಾಟಿದರೆ ಶುರು ಮಾಡಿ. ಅವಧಿ 10ರಿಂದ 12 ತಿಂಗಳಲ್ಲೇ ನಿಂತು ಪೆಟ್ ಖಾಲಿ ಬಂದರೆ ಮೂರು ತಿಂಗಳಿಗೊಮ್ಮೆ ರಕ್ತ ನೋಡ್ತಾ ಇರಿ. ಕಾಯುವುದಾದರೆ "ಇಷ್ಟಕ್ಕೆ ಬಂದರೆ ಶುರು" ಅನ್ನೋ ಅಂಕಿಯನ್ನ ಡಾಕ್ಟರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಇಲ್ಲಾಂದ್ರೆ ಪ್ರತಿ ರಿಪೋರ್ಟು ಬಂದಾಗಲೂ ಮನೆಯಲ್ಲಿ ಇದೇ ಜಗಳ.

ತೊಗರಿಕಣಜ:

ಭಾಳ ಉಪಕಾರ ಆಯ್ತು ಇಬ್ಬರಿಗೂ. ಮನ್ಯಾಗ ಇನ್ನೊಂದು ಮಾತು ನಡದದ: ಪದೇ ಪದೇ ಇಂಜೆಕ್ಷನ್ ಖರ್ಚು ಯಾಕ, ಬೀಜ ತೆಗೆಯೋ ಆಪರೇಷನ್ ಒಮ್ಮೆ ಮಾಡ್ಸಿದ್ರ ಮುಗೀತಲ್ಲ ಅಂತ. ಮತ್ತ ಇಂಜೆಕ್ಷನ್ನೇ ಆದ್ರ ಮೊದಲ ಏನೇನು ತಯಾರಿ ಬೇಕು?

ಬಿದರಿಕುಸುರಿ:

ಆ ಆಪರೇಷನ್ ಕೆಲಸ ಮಾಡುತ್ತೆ, ಖರ್ಚೂ ಕಡಿಮೆ, ಟೆಸ್ಟೋಸ್ಟೆರಾನ್ ಒಂದು ದಿನದೊಳಗೆ ಇಳಿಯುತ್ತೆ. ಆದರೆ ಪಿಎಸ್‌ಎ ಮಾತ್ರ ಏರಿದವರಿಗೆ ಅದು ಬೇಡ ಅಂತೀನಿ, ಯಾಕಂದ್ರೆ ನಿಲ್ಲಿಸೋಕೆ ಬರಲ್ಲ. ಇಂಥವರಿಗೆ ಇಂಜೆಕ್ಷನ್ನನ್ನ ಬಿಟ್ಟು ಬಿಟ್ಟು ಕೊಡಬಹುದು. 2012ರ ಕೆನಡಾ ನೇತೃತ್ವದ ಅಧ್ಯಯನದಲ್ಲಿ, ರೇಡಿಯೇಷನ್ ಆದಮೇಲೆ ಪಿಎಸ್‌ಎ ಏರಿದವರಿಗೆ 8 ತಿಂಗಳು ಕೊಟ್ಟು ನಿಲ್ಲಿಸಿ, ಪಿಎಸ್‌ಎ 10 ಮುಟ್ಟಿದಾಗ ಮತ್ತೆ ಶುರು ಮಾಡಿದರು. ಬದುಕಿದ ಮಧ್ಯಾಂಕ ಅವಧಿ ಬಿಟ್ಟು ಬಿಟ್ಟು ಕೊಟ್ಟವರಲ್ಲಿ 8.8 ವರ್ಷ, ನಿಲ್ಲಿಸದೇ ಕೊಟ್ಟವರಲ್ಲಿ 9.1. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಎಂಬಾರ್ಕಿನಲ್ಲೂ 36ನೇ ವಾರಕ್ಕೆ ಪಿಎಸ್‌ಎ 0.2ರ ಕೆಳಗಿದ್ದರೆ ನಿಲ್ಲಿಸ್ತಿದ್ದರು. ಆಪರೇಷನ್ ಆದವರಿಗೆ 2 ಮುಟ್ಟಿದರೆ ಮತ್ತೆ ಶುರು.

ಜೋಳದಹೊಲ:

ತಯಾರಿ ಬಗ್ಗೆ ನಾ ಹೇಳ್ತೀನಿ ನೋಡ್ರಿ, ಯಾಕಂದ್ರ ಎಡವಟ್ಟು ಆಗೋದು ಇಲ್ಲೇ.

ಮೊದಲ ಹಲ್ಲಿನ ಡಾಕ್ಟರ ಹತ್ರ ಹೋಗ್ರಿ. ಹಾರ್ಮೋನ್ ಇಂಜೆಕ್ಷನ್ನಿಂದ ಎಲುಬು ಸವೀತಂದ್ರ ಅದನ್ನ ತಡೆಯೋ ಡೆನೊಸುಮ್ಯಾಬ್ ಇಲ್ಲಾ ಜೊಲೆಡ್ರೊನಿಕ್ ಆಸಿಡ್ ಕೊಡ್ತಾರ. ಅದು ಶುರು ಆದಮ್ಯಾಲ ಹಲ್ಲು ಕಿತ್ತಿಸಿದ್ರ ಕೆಲವರಿಗೆ ದವಡೆ ಎಲುಬು ಮಾಯೋದಿಲ್ಲ. ನಮ್ಮ ಕಡೆ ತಂಬಾಕು, ಗುಟ್ಕಾ ಜಗದು ಹಲ್ಲು ಹಾಳಾದವರೇ ಜಾಸ್ತಿ, ಕೀಳೋದಿದ್ರ ಮೊದಲೇ ಕೀಳಿಸಿಬಿಡ್ರಿ. ಡೆಕ್ಸಾ ಸ್ಕ್ಯಾನ್ (ಎಲುಬು ಎಷ್ಟು ಗಟ್ಟಿ ಅಂತ ನೋಡೋದು), ವಿಟಮಿನ್ ಡಿ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಕೊಲೆಸ್ಟ್ರಾಲ್, ಲಿವರ್ ಟೆಸ್ಟು, ಇಸಿಜಿ ಇವಿಷ್ಟೂ ಮೊದಲನೇ ಇಂಜೆಕ್ಷನ್ನಿಗಿಂತ ಮುಂಚೆ. ಶುಗರ್ ಏರಬಹುದು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡ್ರಿ.

ಲ್ಯುಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಈ ಮೂರೂ ಹಾರ್ಮೋನ್ ಇಂಜೆಕ್ಷನ್ನು ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನನ್ನ ಏರಿಸಿ ಆಮ್ಯಾಲ ಇಳಸ್ತಾವ. ಆ ಏರಿಕೆಯ ಪರಿಣಾಮ ತಡಿಲಿಕ್ಕ ಬೈಕಾಲುಟಮೈಡ್ ಗುಳಿಗೆ 50 ಮಿ.ಗ್ರಾಂ ದಿನಕ್ಕೊಂದು, ಒಂದು ವಾರ ಮೊದಲೇ ಶುರು ಮಾಡಿ ಇಂಜೆಕ್ಷನ್ ಆದಮ್ಯಾಲ ಎರಡು ಮೂರು ವಾರ ನಡಸ್ತಾರ. ಡೆಗಾರೆಲಿಕ್ಸ್ ಅನ್ನೋ ಇಂಜೆಕ್ಷನ್ನಿಗೆ ಈ ಗುಳಿಗೆ ಬ್ಯಾಡ. ಅದು ಮೊದಲ ದಿನ 240 ಮಿ.ಗ್ರಾಂ ಅಂದ್ರ 120ರ ಎರಡು ಚುಚ್ಚು, ಮುಂದ 28 ದಿನಕ್ಕ 80. ತಿಂಗಳ ತಿಂಗಳ ಹೋಗಬೇಕು, ಚುಚ್ಚಿದ ಜಾಗ ಕೆಂಪಾಗಿ ಬಾಯ್ತದ.

ಔಷಧ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ತರೋರು ಡಬ್ಬಿ ಮ್ಯಾಲ ಬರ್ದ ಉಷ್ಣತೆ ಓದ್ರಿ. ಕೆಲವು 2ರಿಂದ 8 ಡಿಗ್ರಿ, ಕೆಲವು 25ರ ಒಳಗ. ಮೇ ತಿಂಗಳ ಕಲಬುರಗಿ ಬಿಸಿಲಿನಾಗ ಬಸ್ಸಿನ ಚೀಲದಾಗ ಇಟ್ಟು ತಂದ್ರ ಅದು ಔಷಧ ಆಗಿ ಉಳಿಯೋದಿಲ್ಲ. ಐಸ್ ಡಬ್ಬಿ ಬೇಕು, ಆದ್ರ ಐಸಿಗೆ ನೇರ ತಗುಲಬಾರದು, ಹೆಪ್ಪುಗಟ್ಟಿದ್ರೂ ಕೆಟ್ಟಂಗ. ಪುಡಿ ಕಲಸೋ ಲ್ಯುಪ್ರೊಲೈಡ್ ಡಿಪೋ ಕಲಸಿದ ಕೂಡಲೇ ಹಾಕ್ಬೇಕು. ಇಟ್ಟು ಮಾತಾಡ್ಕೋತ ಕುಂತ್ರ ಪುಡಿ ಸಿರಿಂಜಿನ ತಳಕ್ಕ ಕುಂತು ಡೋಸ್ ಅರ್ಧ ಒಳಗ ಹೋಗೋದಿಲ್ಲ.

ಅದಕ್ಕೇ ನಾಲ್ಕು ವಾರಕ್ಕ ಟೆಸ್ಟೋಸ್ಟೆರಾನ್ ಮತ್ತ ನೋಡಬೇಕು. 50 ನ್ಯಾನೋಗ್ರಾಂ/ಡೆಸಿಲೀಟರ್ ಒಳಗ ಬರಲೇಬೇಕು, 20ರ ಒಳಗ ಬಂದ್ರ ಇನ್ನೂ ಚಲೋ. ಅದು ಇಳೀದೇ ಪಿಎಸ್‌ಎ ಏರಿದ್ರ ರೋಗ ಮೊಂಡು ಬಿತ್ತು ಅನಬ್ಯಾಡ್ರಿ, ಇಂಜೆಕ್ಷನ್ ಹತ್ತಿಲ್ಲ ಅಷ್ಟೇ.

ಮೈ ಒಮ್ಮೆಲೇ ಕಾದು ಬೆವರು ಬರತದ, ಕೆಲವೇ ನಿಮಿಷದಾಗ ತಾನೇ ಇಳೀತದ. ರಾತ್ರಿ ನಿದ್ದಿ ಕೆಡಿಸಿದ್ರ ವೆನ್ಲಾಫ್ಯಾಕ್ಸಿನ್ ಥರದ ಗುಳಿಗೆ ಬರ್ಕೊಡ್ತಾರ. ನೆಟ್ಟಗ ಇಳೀದಂಗ ಮೈ ಸುಡ್ತಿದ್ರ ಅದು ಜ್ವರ ಇಲ್ಲಾ ಬಿಸಿಲು ಬಡಿದದ್ದು, ಬ್ಯಾರೆ ವಿಚಾರ. ಸ್ನಾಯು ಕರಗೋದನ್ನ ಬರೀ ನಡಿಗಿ ತಡೆಯೋದಿಲ್ಲ. ಕುರ್ಚಿಯಿಂದ ಕೈ ಊರದೇ ಏಳೋದು ಕೂಡೋದು, ಭಾರ ಎತ್ತೋದು ವಾರಕ್ಕ ಎರಡು ಮೂರು ಸಲ ಬೇಕು. ಹಾಲು, ಮೊಸರು, ಎಳ್ಳಿನ ಹಿಂಡಿ ಊಟದಾಗ ಇರಲಿ.

ಭೀಮಾತೀರ:

ಖರ್ಚಿನ ವಿಷಯಕ್ಕೆ: ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ. ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಅಲ್ಲಿನ ಆರೋಗ್ಯ ಮಿತ್ರರನ್ನ (ಸರ್ಕಾರಿ ಯೋಜನೆಯ ಸಹಾಯಕರನ್ನ) ಮೊದಲು ಕಾಣಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮುಂಗಡ ಒಪ್ಪಿಗೆ ಬಂದ ಮೇಲೆ ಚಿಕಿತ್ಸೆ ಶುರುವಾಗಬೇಕು, ಮೊದಲೇ ಕೊಂಡ ಔಷಧದ ಬಿಲ್ಲು ತಂದು ದುಡ್ಡು ಕೇಳಿದರೆ ಆಗಲ್ಲ. 2018ರ ಬಯಾಪ್ಸಿ ರಿಪೋರ್ಟು, ರೇಡಿಯೇಷನ್ ಎಷ್ಟು ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ಕೊಟ್ಟರು ಅನ್ನೋ ಸಾರಾಂಶ, ಎಲ್ಲಾ ಪಿಎಸ್‌ಎ ಒಂದೇ ಹಾಳೆಯಲ್ಲಿ ತಾರೀಖು ಮತ್ತು ಲ್ಯಾಬಿನ ಹೆಸರಿನ ಸಮೇತ ಇಟ್ಟುಕೊಳ್ಳಿ.

ಕಾಯುವಾಗ ಬೆನ್ನು ನೋವು ಹೊಸದಾಗಿ ಶುರುವಾಗಿ ರಾತ್ರಿಯೂ ಬಿಡದಿದ್ದರೆ ಮುಂದಿನ ರಕ್ತ ಪರೀಕ್ಷೆಯ ತನಕ ಕಾಯಬೇಡಿ. ಕಾಲಲ್ಲಿ ಶಕ್ತಿ ಇಳಿದರೆ, ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ, ಬೆನ್ನುಹುರಿಯ ಎಂಆರ್‌ಐ ಬೇಕು ಅಂತ ಹೇಳಿ.