ಕೋಳಿ ಸುಕ್ಕ, ಪಂದಿ ಕರಿಗೆ ಯಾವ ಬಿಯರ್? ಅನುಭವ ಇದ್ದವರು ಹೇಳಿ

ಶನಿವಾರ ಮನೆಗೆ ಎಂಟು ಜನ ಬರುತ್ತಿದ್ದಾರೆ. ಕೋಳಿ ಸುಕ್ಕ, ನೀರು ದೋಸೆ, ಪಂದಿ ಕರಿ. ಮಾಮೂಲಿ ಲಾಗರ್ ಬಿಟ್ಟು ಏನು ತರಲಿ? ಇಬ್ಬರು ಬಿಯರಿಗೆ ಹೊಸಬರು.

ಜಯನಗರದವನು:
ಐಪಿಎ (ಹಾಪ್ಸ್ ಹೂವಿನ ಕಹಿ ಜಾಸ್ತಿ ಇರುವ ಬಿಯರ್) ಮಾತ್ರ ತರಬೇಡಿ. ಹೋದ ದೀಪಾವಳಿಗೆ 16 ಕ್ಯಾನು ತಂದೆ. ಒಂದಕ್ಕೆ 190, ಒಟ್ಟು 3,040 ರೂಪಾಯಿ. ಸುಕ್ಕಕ್ಕೆ ಬ್ಯಾಡಗಿ ಜೊತೆ ಗುಂಟೂರು ಮೆಣಸಿನಕಾಯಿಯೂ ಬಿದ್ದಿತ್ತು. ಹಾಪ್ಸಿನ ಕಹಿ ಆ ಖಾರವನ್ನು ಇನ್ನೂ ಏರಿಸಿತು. ನಮ್ಮ ಭಾವ ಎರಡನೇ ಗುಟುಕಿಗೇ ಲೋಟ ಕೆಳಗಿಟ್ಟು ಮಜ್ಜಿಗೆ ಕೇಳಿದರು. 11 ಕ್ಯಾನು ಹಾಗೇ ಉಳಿದವು. ಎರಡು ತಿಂಗಳು ಇಟ್ಟಮೇಲೆ ಹಾಪ್ಸಿನ ಘಮವೂ ಹೋಯಿತು.

ಮಡಿಕೇರಿ ಮಳೆ:
ಐಪಿಎ ತಪ್ಪಲ್ಲ ಸರ್, ಜೋಡಿ ತಪ್ಪು. ಅದನ್ನು ಗೋಳಿಬಜೆ ಜೊತೆ ಕುಡಿಯಿರಿ, ಜಿಡ್ಡು ಕಡಿಯುತ್ತದೆ. ಪಂದಿ ಕರಿಗೆ ನಮ್ಮನೆಯಲ್ಲಿ ಸ್ಟೌಟ್ ಅನ್ನುವ ಕಪ್ಪು ಬಿಯರೇ. ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿ ರಸ) ಹುಳಿಗೆ ಅದರ ಹುರಿದ ಬಾರ್ಲಿಯ ಕಾಫಿ ರುಚಿ ಎಷ್ಟು ಹೊಂದುತ್ತದೆ ಅಂದ್ರೆ, ಅತ್ತೆಯೇ ಇನ್ನರ್ಧ ಲೋಟ ಕೇಳಿದರು. ಮೊದಲ ಸಲ ಫ್ರಿಜ್ಜಿನಿಂದ ತೆಗೆದ ಹಾಗೇ ಕೊಟ್ಟಿದ್ದೆ, ಬರೀ ಕಹಿ. ಈಗ ಅರ್ಧ ಗಂಟೆ ಮೊದಲೇ ಹೊರಗಿಡುತ್ತೇನೆ.

ಮ್ಯೂನಿಕ್ ಕನ್ನಡತಿ:
ಸುಕ್ಕಕ್ಕೆ ಹೆಫೆವೈಟ್ಸೆನ್ ಅನ್ನುವ ಜರ್ಮನ್ ಗೋಧಿ ಬಿಯರ್. ಹುರಿದ ತೆಂಗಿನ ಜೊತೆ ಅದರ ಬಾಳೆಹಣ್ಣು, ಲವಂಗದ ಘಮ ಸೇರಬೇಕು. ಹಣ್ಣು, ಮಸಾಲೆ ಏನೂ ಹಾಕಿರುವುದಿಲ್ಲ, ಎಲ್ಲ ಯೀಸ್ಟ್ ಕೊಡುವುದು. ಮುಕ್ಕಾಲು ಬಾಟಲಿ ನಿಧಾನಕ್ಕೆ ಸುರಿಯಿರಿ. ಉಳಿದದ್ದನ್ನು ಗರಗರ ತಿರುಗಿಸಿ, ತಳದ ಯೀಸ್ಟ್ ಎದ್ದಮೇಲೆ ಸುರಿಯಿರಿ. ನಿಂಬೆ ಹೋಳು ಬೇಡವೇ ಬೇಡ, ನೊರೆ ಇಳಿದುಹೋಗುತ್ತದೆ.

ಇಂದಿರಾನಗರ ಹುಡುಗ:
ಇಲ್ಲಿ ಪಬ್ಬಿನಲ್ಲಿ ವೀಟ್ ಬಿಯರಿಗೆ ಕಿತ್ತಳೆ ಹೋಳು ಹಾಕಿಯೇ ಕೊಡುತ್ತಾರೆ. ಅವರಿಗೆಲ್ಲ ಗೊತ್ತಿಲ್ಲವಾ? ಜರ್ಮನಿಯಲ್ಲಿ ಕೂತು ನಮಗೆ ಪಾಠ ಬೇಡ.

ಮ್ಯೂನಿಕ್ ಕನ್ನಡತಿ:
ಅದು ಬೆಲ್ಜಿಯನ್ ವಿಟ್ ಇರಬೇಕು. ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿಯೇ ಕುದಿಸುತ್ತಾರೆ. ಎರಡರಲ್ಲೂ ಗೋಧಿ ಇದೆ ಅಂತ ಎರಡೂ ಒಂದೇ ಆಗುತ್ತದಾ? ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಸುಮ್ನೆ ಹೇಳುತ್ತಿಲ್ಲ.

ಜಯನಗರದವನು:
ಕಿತ್ತಳೆ ಆಮೇಲೆ. ಮಡಿಕೇರಿಯವರೇ, ‘ಜೋಡಿ ತಪ್ಪು’ ಅಂತ ಸುಲಭವಾಗಿ ಹೇಳಿಬಿಟ್ಟಿರಿ. ಅಂಗಡಿಯವನೇ ‘ಖಾರಕ್ಕೆ ಇದೇ ಸರ್’ ಅಂತ ಕೊಟ್ಟಿದ್ದು.

ಮಡಿಕೇರಿ ಮಳೆ:
ಅಂಗಡಿಯವನು ನಿಮ್ಮ ಸುಕ್ಕ ತಿಂದಿದ್ದನಾ? ಒಂದು ಕ್ಯಾನು ತಂದು ರುಚಿ ನೋಡಿ ಆಮೇಲೆ 15 ತರಬೇಕಿತ್ತು.